ಬೋರ್ಡು ಬರೆಯೋ ಘುಡುಸಾಬನ ಮಾತು

ಔರಾದ ರೋಡಿನ ದವಾಖಾನಿ ಗೋಡಿಗಿ
ಇದು ಐದನೇ ಹೆಸರು ನೋಡ್ರಿ.
ಮೊದಲ ಉಪಕೇಂದ್ರ, ಹಸಿರು.
ಆಮ್ಯಾಲ ಕ್ಷೇಮ ಅಂತೊಂದು ಶಬ್ದ ಸೇರ್ತು, ಹಳದಿ.
ಪ್ರತಿ ಸಲ ಕೆರೀಬೇಕು, ಕೆರದರ
ಹಿಂದಿನ ಸರಕಾರ ಉಗುರಾಗ ಸಿಗ್ತದ.

ಗುಳಿಗಿ ಯಾದಿ ಬರದೆ, ಅರವತ್ತಮೂರು, ಎಲ್ಲಾ ಪುಕ್ಕಟ.
ಕಪಾಟಿನ್ಯಾಗ ಹನ್ನೊಂದು ಅವ.
ನಾ ಎಣಸಿಲ್ಲ,
ಎಸ್ತೇರಮ್ಮ ಸಿಸ್ಟರೇ ನಕ್ಕೋತ ಹೇಳಿದ್ರು.

ವೈದ್ಯಾಧಿಕಾರಿ ಅಂತ ಬರದು, ಎರಡು ಚುಕ್ಕಿ ಇಟ್ಟು
ಕುಂಚ ಎತ್ತಿ ಕೇಳ್ದೆ:
ಹೆಸರಿಗಿ ಎಷ್ಟು ಜಾಗ ಬಿಡ್ಲಿ?
ಬಸುರಿ ಹೆಣ್ಮಗಳ ತೋಳಿನ ಪಟ್ಟಿ ಬಿಚ್ಕೋತ
'ಉದ್ದ ಹೆಸರಿನವರೇ ಬರ್ಲಿ, ಬಿಡಪ್ಪ' ಅಂದ್ರು.

ಒಂದು ಮಾರು ಬಿಟ್ಟಿದ್ದೆ.

ಬಿಲ್ಲಿನ ಸಲುವಾಗಿ ಹೋದ ವಾರ ಹೋದರ
ಆ ಜಾಗದಾಗ ಯಾರೋ ಇದ್ದಲಿಲೆ ಗೀಚಿದ್ರು:
ಟಂಟಂ ಪಾಶಾ, ಬೀದರ ತನಕ,
ರಾತ್ರಿನೂ ಬರ್ತಾನ, ಮತ್ತ ನಂಬರು.
ಅಕ್ಷರ ಸೊಟ್ಟ.
ನಾನೇ ತಿದ್ದಿ ಬಣ್ಣ ಹಾಕ್ದೆ.
ಬಿಲ್ಲಿಗಿ ಸೇರಸಲಿಲ್ಲ.