ಅರ್ಧ ನೂಲು

ಕೊಟ್ಟಿದೆ: ಎಪ್ಸಿಲಾನ್, ಸೊನ್ನೆಗಿಂತ ದೊಡ್ಡದು.
ಹುಡುಕಬೇಕಾದ್ದು: ಡೆಲ್ಟಾ.

ಯಾರು ಕೊಟ್ಟದ್ದು ಅಂತ ಕೇಳಿದವಳು ಹಾಲಮ್ಮ,
ಹದಿನಾಲ್ಕನೇ ರೂಮಿನ ಕೊನೇ ಬೆಂಚಿನಿಂದ,
ಮೂರನೇ ಸೆಮಿಸ್ಟರಿನ ಎರಡನೇ ವಾರ.
ಎಲ್ಲರೂ ನಕ್ಕೆವು.
ಶಾಹಿದಾ ಮೇಡಂ ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು
‘ನಿನ್ನನ್ನು ನಂಬದವರು, ಯಾರೇ ಆಗಲಿ’ ಅಂದರು.
‘ಎಷ್ಟು ಬೇಕಾದರೂ ಚಿಕ್ಕದು ಕೊಡಲಿ,
ಹೆದರದೆ ನಿನ್ನ ಡೆಲ್ಟಾ ತೋರಿಸಬೇಕು.’

ಬರೆದುಕೊಂಡೆ. ಅರ್ಥವಾಗಲಿಲ್ಲ.
ಪಿಯುಸಿಯಲ್ಲಿ ತೊಂಬತ್ತಾರು ತೆಗೆದವಳಿಗೆ
ಮೊದಲ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ನಾಲ್ಕು.
ಲೆಕ್ಕವೇ ಇರಲಿಲ್ಲ ಅದರಲ್ಲಿ, ಬರೀ ಮಾತು:
ಪ್ರತಿಯೊಂದಕ್ಕೂ, ಇದ್ದೇ ಇದೆ ಒಂದು, ಹೀಗಿರುವಂತೆ.
ನಾನು ‘ಆದ್ದರಿಂದ’ ಬರೆದಲ್ಲೆಲ್ಲ
ಕೆಂಪು ಶಾಯಿಯಲ್ಲಿ ‘ಯಾಕೆ?’
ಏಳು ಯಾಕೆ. ಎಣಿಸಿದೆ.
ಎಣಿಸುವುದೊಂದು ಬರುತ್ತಿತ್ತು.

ಅಶೋಕ ಟಾಕೀಸಿನ ರೈಲ್ವೆ ಗೇಟು ಬಿದ್ದಾಗೆಲ್ಲ
ಸೈಕಲ್ಲಿನಿಂದ ಒಂದು ಕಾಲೂರಿ ಪ್ರಮೇಯ ಉರು ಹೊಡೆದೆ.
ಗೂಡ್ಸ್ ಹೋಯಿತು, ನಲವತ್ತೊಂದು ಡಬ್ಬಿ.
ಇನ್ನೇನು ಗೇಟು ಎತ್ತಬೇಕು, ಆ ಕಡೆಯಿಂದ ಇನ್ನೊಂದು ಕೂಗು.
ಹತ್ತಿರ, ಇನ್ನೂ ಹತ್ತಿರ, ಮುಟ್ಟುವುದೇ ಇಲ್ಲ,
ಮಿತಿ ಅಂದರೆ ಇದೇ ನೋಡು ಅಂದ ಕೊಟ್ರೇಶ.
ಅಲ್ಲವೋ, ಇದು ಬರೀ ಲೇಟು.

ಆಮೇಲೆ ಫ್ಯಾನಿನ ದಿನ.
ಮೇಡಂ ಬೋರ್ಡಿನ ಮೇಲೆ ಎರಡು ಸಾಲು ಬರೆದರು:
ಪ್ರತಿ ಬೆಂಚಿಗೂ ಒಂದು ಫ್ಯಾನಿದೆ.
ಒಂದು ಫ್ಯಾನಿದೆ, ಪ್ರತಿ ಬೆಂಚಿಗೂ.
ಮನೆಯಲ್ಲಿ ಮಾತು ಹಿಂದೆಮುಂದೆ ಆದರೂ ನಡೆಯುತ್ತೆ,
ಇಲ್ಲಿ ನಡೆಯಲ್ಲ. ಯಾವುದು ಸರಿ, ಹೇಳಿ.
ತಲೆಯೆತ್ತಿದೆವು. ಇದ್ದದ್ದು ಒಂದೇ,
ಕಿರಗುಟ್ಟುತ್ತ, ಮೇಡಂ ತಲೆಯ ಮೇಲೆ ಮಾತ್ರ.
ಎರಡೂ ಸುಳ್ಳು ಮೇಡಂ, ಅಂದಳು ಹಾಲಮ್ಮ.

ರೋಗ ಮನೆಗೂ ಬಂತು.
ಚಿಕ್ಕಮ್ಮ ‘ಎಲ್ಲಾರೂ ಅಂತಾರೆ’ ಅಂದರೆ
‘ಎಲ್ಲಾರೂ ಅಂದರೆ ಯಾರ್ಯಾರು?’
‘ಗಣಿತ ಓದಿದ ಹುಡುಗೇರೆಲ್ಲ ಜಗಳಗಂಟಿಯರು.’
ಅದನ್ನು ಸುಳ್ಳು ಮಾಡೋಕೆ ಒಬ್ಬಳು ಸಾಕು ಚಿಕ್ಕಮ್ಮ.
ನಮ್ಮ ನಾಗಜ್ಯೋತಿ ಇದ್ದಾಳೆ,
ಒಂದೂವರೆ ವರ್ಷದಲ್ಲಿ ಹಾಜರಿಗೆ ಬಿಟ್ಟರೆ ಬಾಯಿ ತೆಗೆದಿಲ್ಲ.
ಆ ಒಬ್ಬಳು ನಾನಲ್ಲ, ಅಷ್ಟೆ.

ಅಪ್ಪನ ಅಂಗಡಿ ಮುಚ್ಚಿದ ಹತ್ತಿ ಮಿಲ್ಲಿನ ಗೋಡೆಗೆ ಆತುಕೊಂಡಿದೆ.
ಗೋಡೆಯ ಆ ಕಡೆ ಒಂದು ಕಾಲಕ್ಕೆ ನೂಲು ಅಂದರೆ ನೂಲು.
ಈ ಕಡೆ ಬಡಗಿಗೆ, ಇಂಚಿನ ಎಂಟರಲ್ಲೊಂದು.
ಆವತ್ತು ಒಬ್ಬ ಗಿರಾಕಿ ಬಾಗಿಲ ಸಂದಿಗೆ ಉಗುರು ತೂರಿಸಿ
‘ಒಂದು ನೂಲಿಗಿಂತ ಜಾಸ್ತಿ ಬಿಡಬಾರದು ಆಚಾರ್ರೇ.’
ಅಪ್ಪ ಕಿವಿ ಮೇಲಿನ ಪೆನ್ಸಿಲು ತೆಗೆದು,
ಎಷ್ಟು ಹೆರೆದರೆ ಅಷ್ಟಕ್ಕೆ ಕೂರುತ್ತೆ ಅಂತ ಬೆರಳಲ್ಲೇ ತೂಗಿ,
ಗೀಟೆಳೆದ.
‘ಅರ್ಧ ನೂಲು?’
ಒಳಗೆ ಇನ್ನೊಂದು ಗೀಟು.
‘ಅದರಲ್ಲೂ ಅರ್ಧ?’
ಇನ್ನೊಂದು.
ಟೀ ಲೋಟ ಹಿಡಿದುಕೊಂಡೇ ನಿಂತುಬಿಟ್ಟೆ.
ಇವನೇ ಕೊಡುವವನು. ಇವನೇ ಹುಡುಕುವವನು.
ಟೀ ಆರಿತು.

ಗಿರಾಕಿ ಹೋದ ಮೇಲೆ ಅಪ್ಪ ಕೊನೇ ಗೀಟು ಅಳಿಸಿದ.
‘ಸುಮ್ಮನೆ ಹೂಂ ಅಂದೆ. ಅರ್ಧ ನೂಲು ಬಿಡಲೇಬೇಕು.
ಮಳೆಗಾಲಕ್ಕೆ ಮರ ಉಬ್ಬುತ್ತೆ, ಬಾಗಿಲು ಕಚ್ಚಿಕೊಳ್ಳುತ್ತೆ.’

ಆ ರಾತ್ರಿ ನೋಟ್ಸು ಬಿಚ್ಚಿದೆ.
ಉಬ್ಬದ ಮರವೊಂದು ಇದ್ದು,
ಅರ್ಧದ ಅರ್ಧದ ಅರ್ಧಕ್ಕೂ
ಹೂಂ ಅನ್ನುವುದು, ಗಿರಾಕಿ ಹೋದ ಮೇಲೂ
ಅಳಿಸದೆ ಇರುವುದು.
ಏಳು ಯಾಕೆಗಳಲ್ಲಿ ಐದಕ್ಕೆ ಉತ್ತರ ಬಂತು.
ಆರನೆಯದಕ್ಕೆ ಕರೆಂಟು ಹೋಯಿತು.

ಬೆಳಿಗ್ಗೆ ಮತ್ತೆ ಗೇಟು. ಪುಸ್ತಕ ತೆಗೆಯಲಿಲ್ಲ.
ಕೊಟ್ರೇಶ, ಒಂದು ಎಪ್ಸಿಲಾನ್ ಕೊಡೋ, ಅಂದೆ.
ಎಷ್ಟು ಚಿಕ್ಕದಾದರೂ ಸರಿ.
ಅವನು ಎರಡೂ ಜೇಬು ತಡಕಿ
ಚಿಲ್ಲರೆ ಇಲ್ಲ ಅಂದ.