ಒಂಬತ್ತೂಕಾಲು

ಶುವೈಖಿನ ಒಳಓಣಿ, ಅರ್ಧ ಎತ್ತಿದ ಶಟರು,
ಬೆಳಗಿನ ಏಳಕ್ಕೇ ನಲವತ್ತು ಡಿಗ್ರಿ.
ಸ್ಟ್ಯಾಂಡಿನ ಮೇಲೆ ಎಂಟು ಬಾಯಿ ತೆರೆದು ಕೂತಿದೆ
ಅರವತ್ತೊಂಬತ್ತರ ಪಾಂಟಿಯಾಕಿನ ಎಂಜಿನ್ನು,
ಗುಟುಕಿಗೆ ಕಾದ ಮರಿಗಳ ಹಾಗೆ.

ಬು ಘಾನಿಮ್ ಬಂದವನೇ ಕೇಳುವುದು ಒಂದೇ:
"ಕಂಪ್ರೆಷನ್ ಎಷ್ಟು ಇಡ್ತೀಯಾ, ಖಾರ್ವಿ?
ಹನ್ನೊಂದು ಇಡು. ಅದಕ್ಕಿಂತ ಕೆಳಗೆಲ್ಲ ತರಕಾರಿ ಗಾಡಿ."

ನಾನು ಗಂಗೊಳ್ಳಿಯವ. ಬೋಟಿನ ಎಂಜಿನ್ನಿನಲ್ಲಿ
ಹದಿನೆಂಟಕ್ಕೆ ಒಂದು ಒತ್ತಿ ಪಳಗಿದ ಕೈ.
ಡೀಸೆಲ್ಲಿಗೆ ಒತ್ತುವುದೇ ಕಿಡಿ, ಒತ್ತಿದಷ್ಟೂ ನಿಯತ್ತು.
ಪೆಟ್ರೋಲು ಹಾಗಲ್ಲ,
ಅದಕ್ಕೆ ಮೂಗಿನ ತುದಿಯಲ್ಲೇ ಸಿಟ್ಟು.

ಲೆಕ್ಕ ಬೇಕಾ? ಜ್ಲೀಬಿನಲ್ಲಿ ನನ್ನ ಮೊದಲ ಕೋಣೆ:
ಕಟ್ಟಿದ್ದು ಒಬ್ಬನಿಗೆ, ಮಲಗಿದ್ದು ಹತ್ತು ಜನ.
ಹತ್ತಕ್ಕೆ ಒಂದು.
ಏಸಿ ಕೆಟ್ಟ ಆಗಸ್ಟಿನ ರಾತ್ರಿ
ಕಿಡಿ ಹಾರಿಸಲು ಯಾರೂ ಬೇಕಿರಲಿಲ್ಲ;
ಮೂಲೆಯಲ್ಲಿ ಒಬ್ಬನ ಒದ್ದೆ ಟವೆಲು ಇನ್ನೊಬ್ಬನ ಕಾಲಿಗೆ ತಾಗಿ
ತನ್ನ ಸರದಿಗೂ ಮುಂಚೆ ಹತ್ತಿಕೊಳ್ಳುತ್ತಿತ್ತು.
ಈ ಕಡೆಯ ಬೆಂಕಿ ಆ ಕಡೆಯ ಬೆಂಕಿಗೆ ಡಿಕ್ಕಿ ಹೊಡೆದ ಸದ್ದನ್ನೇ
ಗ್ಯಾರೇಜಿನಲ್ಲಿ ನಾಕ್ ಅನ್ನುವುದು:
ತಗಡಿನ ಡಬ್ಬಿಯಲ್ಲಿ ಹುಣಸೆಬೀಜ ಕುಲುಕಿದ ಹಾಗೆ.
ಆಮೇಲೆ ಮೊಯ್ದುಟ್ಟಿ ಫಹಾಹೀಲಿಗೆ ಹೋದ, ಒಂಬತ್ತಾದೆವು.
ಅವತ್ತು ಎಲ್ಲರಿಗೂ ನಿದ್ದೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಬೆಡ್ ಸ್ಪೇಸಿನಲ್ಲಿ ಮಲಗಿ ನೋಡಿದವರಲ್ಲ.

"ಅಪ್ಪ ಹೊಸದು ತಂದಾಗ ಹತ್ತೂಮುಕ್ಕಾಲು ಇತ್ತು."
ಇತ್ತು. ಆಗ ಪೆಟ್ರೋಲಿನಲ್ಲಿ ಸೀಸವೂ ಇತ್ತು,
ರಸ್ತೆಯಲ್ಲಿ ರಸ್ತೆಯೂ ಇತ್ತು.
ಈಗ ನಾಲ್ಕನೇ ರಿಂಗ್ ರೋಡು, ಮಧ್ಯಾಹ್ನ ಎರಡು,
ಬಿಡದ ಸಿಗ್ನಲ್ಲು, ಏಸಿ ಪೂರ್ತಿ, ಮುಳ್ಳು ಕೆಂಪಿನಲ್ಲಿ,
ಎರಕದ ಹೆಡ್ಡು ರೊಟ್ಟಿ ಹಂಚಿನಂತೆ ಕಾದು...
"ತೊಂಬತ್ತೆಂಟರ ಪೆಟ್ರೋಲೇ ಹಾಕಿಸ್ತೇನೆ."
ಎಲ್ಲ ಬಂಕಲ್ಲೂ ಸಿಗ್ತದಾ?
ಉತ್ತರವಿಲ್ಲ. ಚಹಾ ಹೀರುವ ಸದ್ದು.

ಹೆಡ್ಡನ್ನು ಅಂಗಾತ ಮಲಗಿಸಿದೆ.
ಅಂಚಿಗೆ ಗ್ರೀಸು, ಮೇಲೊಂದು ಅಕ್ರಿಲಿಕ್ ಹಲಗೆ,
ತೂತಿನಿಂದ ಬ್ಯುರೆಟ್ಟಿನ ಕೆಂಪು ಸೀಮೆಎಣ್ಣೆ, ಹನಿ, ಹನಿ.
ಕೊನೆಯ ಗುಳ್ಳೆ ತೂತಿನ ಬುಡಕ್ಕೆ ಬಂದು ಕಣ್ಣು ಮುಚ್ಚಿತು:
ಎಪ್ಪತ್ತೆರಡು ಸಿಸಿ. ಗ್ಯಾಸ್ಕೆಟ್ಟಿಗೆ ಒಂಬತ್ತು, ಡೆಕ್ಕಿಗೆ ಮೂರು.
ರೋಡೆಲ್ ಕ್ಯಾಲ್ಕುಲೇಟರು ಹುಡುಕುವ ಮೊದಲೇ ಬಾಯಿಗೆ ಬಂತು:
ಇನ್ನು ಹದಿನೈದು ಬೇಕು,
ಹೊಸ ಪಿಸ್ಟನ್ನಿನ ನೆತ್ತಿಯಲ್ಲಿ ಅಷ್ಟು ತಗ್ಗು.
ಹದಿನೈದೆಂದರೆ ಮೂರು ಚಮಚ,
ಮಗುವಿನ ಕೆಮ್ಮಿಗೆ ದಿನಕ್ಕೆ ಕುಡಿಸುವ ಸಿರಪ್ಪಿನಷ್ಟು.

ಅವನು ಒಪ್ಪಲಿಲ್ಲ.
ಹಳೆಯ ಐದನೇ ಪಿಸ್ಟನ್ನು ಒರೆಸಿ ಕೈಗಿಟ್ಟೆ.
ಅಂಚೆಲ್ಲ ಗೆದ್ದಲು ಮೆದ್ದ ಹಾಗೆ,
ರಿಂಗು ಕೂರುವ ಏಣು ಎರಡು ಕಡೆ ಮುರಿದು.
ಹೆಬ್ಬೆರಳಿಂದ ಸವರಿದ. ಮತ್ತೆ ಸವರಿದ.
"ಸದ್ದು ಬರ್ತಿತ್ತು," ಅಂದ,
"ಏರಿನಲ್ಲಿ, ಫ್ಲೈಓವರ್ ಹತ್ತುವಾಗ.
ಹಿಂದಿನ ಸೀಟಲ್ಲಿ ಕೂತ ನಾನು, ಏನದು ಯಬಾ, ಅಂತ ಕೇಳಿದರೆ
ಅಪ್ಪ ರೇಡಿಯೋ ಜೋರು ಮಾಡುತ್ತಿದ್ದ."

ಹೊರಗೆ ಪಠಾಣನೊಬ್ಬ ಸೈಲೆನ್ಸರು ಬಡಿಯುತ್ತಿದ್ದ.

"ಒಂಬತ್ತೂಕಾಲು ಬರ್ಕೋ," ಬಾಗಿಲ ಹತ್ತಿರ ನಿಂತು ಹೇಳಿದ,
"ಆದರೆ ಯಾರು ಕೇಳಿದರೂ ಹನ್ನೊಂದು ಅನ್ನಬೇಕು."
ಪಿಸ್ಟನ್ನು ಕೈಯಲ್ಲೇ ಹೋಯಿತು, ಕೇಳಲಿಲ್ಲ ನಾನು.

ಹಾಗೇ ಹೇಳುತ್ತಿದ್ದೇನೆ:
ಅರಬಿಯಲ್ಲಿ ಹನ್ನೊಂದು, ಹಿಂದಿಯಲ್ಲಿ ಹನ್ನೊಂದು,
ರೋಡೆಲ್ಲನ ಊರವರಿಗೆ ಕೈಬೆರಳು ಸಾಲದೆ ಹನ್ನೊಂದು.
ನಿಮಗೆ ಮಾತ್ರ ಕನ್ನಡದಲ್ಲಿ ನಿಜ.
ಅವನಿಗೆ ಬರುವುದಿಲ್ಲ, ಅಡ್ಡಿಯಿಲ್ಲ.