ಕೊಡ್ಡಾಯಿ ಉತ್ತರ ಕೊಡುತ್ತಿಲ್ಲ

ನಲವತ್ತೆಂಟು ಸರ್ವರುಗಳಿಗೆ ಹೆಸರಿಡು ಎಂದಾಗ
ನಾನು ಮೀನುಗಳ ಹೆಸರಿಟ್ಟೆ.
ಬಂಗುಡೆ, ಬೂತಾಯಿ, ಅಂಜಲ್, ಕಾಣೆ,
ನಂಗ್, ಮಾಂಜಿ, ತೇಡೆ, ಕೊಡ್ಡಾಯಿ.
ಐತಾಳ ಸರ್ ಫೈಲಿನ ಮೇಲೆ ಕನ್ನಡಕ ಇಳಿಸಿ
"ನದಿಗಳ ಹೆಸರು ಇಡಬಹುದಿತ್ತಲ್ಲಮ್ಮ" ಎಂದರು.
ನಮ್ಮ ಜಿಲ್ಲೆಯಲ್ಲಿ ನಲವತ್ತೆಂಟು ನದಿ ಇಲ್ಲ ಸರ್, ಎಂದೆ.
ಸಹಿ ಹಾಕಿದರು.
ಈಗ ಅವರೇ ಫೋನು ಮಾಡಿ ಕೇಳುತ್ತಾರೆ:
"ಬೂತಾಯಿ ಬಿಸಿ ಉಂಟಾ?"

ಮುಕ್ಕದ ಕಡಲಿನಿಂದ ನಾನೂರು ಹೆಜ್ಜೆ ನಮ್ಮ ಕೋಣೆ.
ಇಲ್ಲಿ ಉಪ್ಪು ಎಲ್ಲವನ್ನೂ ತಿನ್ನುತ್ತದೆ:
ಕಿಟಕಿಯ ಸರಳು, ಸ್ಕೂಟರಿನ ಸೈಲೆನ್ಸರು,
ಕಾವಲಿನ ಕೊರಗಪ್ಪಣ್ಣನ ಛತ್ರಿಯ ಕಡ್ಡಿ.
ಆರು ವರ್ಷ ನಾನು ಮಾಡಿದ್ದು ಒಂದೇ ಕೆಲಸ ಎಂದರೂ ಸರಿ,
ಆ ಗಾಳಿಯನ್ನು ಹೊರಗಿಟ್ಟದ್ದು.
ಎರಡು ಬಾಗಿಲು, ಅಂಚಿಗೆ ರಬ್ಬರು ಪಟ್ಟಿ,
ಒಂದು ಮುಚ್ಚದೆ ಇನ್ನೊಂದು ತೆರೆಯಬಾರದೆಂಬ ಚೀಟಿ,
ನನ್ನದೇ ಕೈಬರಹ.

ಒಳಗೆ ಇನ್ನೊಂದು ಕಡಲು.
ಕಾರವಾರದಿಂದ ಕಾಸರಗೋಡಿನವರೆಗೆ ಚೌಕ ಚೌಕ ಕತ್ತರಿಸಿ
ಒಂದೊಂದು ಮೀನಿನ ಬಾಯಿಗೆ ಒಂದೊಂದು ತುಂಡು ಕೊಟ್ಟರೆ
ಅವು ಪಕ್ಕದ ಮೀನನ್ನು ಕೇಳುತ್ತವೆ:
ನಿನ್ನ ಅಂಚಿನಲ್ಲಿ ಅಲೆ ಎಷ್ಟೆತ್ತರ?
ಕೇಳುತ್ತಲೇ ಇರುತ್ತವೆ.
ಒಂದು ಸುಮ್ಮನಾದರೆ ಎಲ್ಲವೂ ಕಾಯುತ್ತವೆ.
ಬೆಳಗಿನ ನಾಲ್ಕಕ್ಕೆ ಆ ಲೆಕ್ಕ
ಬಂದರಿನ ದಕ್ಕೆಗೆ ಹೋಗಬೇಕು, ಒಂದು ಸಾಲಿನ ಮೆಸೇಜಾಗಿ.

ಮೇ ಇಪ್ಪತ್ತಾರು. ನಿಷೇಧಕ್ಕೆ ಐದೇ ದಿನ,
ಬೋಟುಗಳಿಗೆಲ್ಲ ಕೊನೆಯ ಟ್ರಿಪ್ಪಿನ ಅವಸರ.
ರಾತ್ರಿ ಒಂದೂ ಹತ್ತಕ್ಕೆ ಕರೆಂಟು ಹೋಯಿತು.
ಜನರೇಟರು ಎದ್ದಿತು. ಸರ್ವರುಗಳು ಮಲಗಿರಲೇ ಇಲ್ಲ.
ಏಸಿ ಮಾತ್ರ ಏಳಲಿಲ್ಲ.
ಕ್ವಾರ್ಟರ್ಸಿನಿಂದ ಚಪ್ಪಲಿ ಇಲ್ಲದೆ ಓಡಿದೆ.
ಇಪ್ಪತ್ತೊಂಬತ್ತು. ಮೂವತ್ತಮೂರು. ಮೂವತ್ತಾರು.
ಲ್ಯಾನ್ಸಿ ಕಿನ್ನಿಗೋಳಿಯಿಂದ ಹೊರಟಿದ್ದಾನಂತೆ
ಬೈಕಿನಲ್ಲಿ, ಕೆಪಾಸಿಟರು ಕಿಸೆಯಲ್ಲಿ.
ಕಪ್ಪು ಪರದೆಯಲ್ಲಿ ಒಂದು ಸಾಲು:
ಕೊಡ್ಡಾಯಿ ಉತ್ತರ ಕೊಡುತ್ತಿಲ್ಲ.
ಏನೂ ಕೆಲಸವಿಲ್ಲದೆ ಕೂತದ್ದೇ ಮೊದಲು ಬಿತ್ತು.

ಸರದಿಯ ಪಟ್ಟಿ ತೆಗೆದೆ.
ಇಪ್ಪತ್ತನಾಲ್ಕು ಮೀನು ಅಲೆಗೆ,
ಇಪ್ಪತ್ತಮೂರು ಶಮೀಮಾಳಿಗೆ. ಅವಳ ಪ್ರೋಟೀನು
ಒಂಬತ್ತು ದಿನದಿಂದ ಮಡಚಿಕೊಳ್ಳುತ್ತಾ ಇದೆ.
ನಡುನಡುವೆ ಉಳಿಸಿಕೊ ಮಾರಾಯ್ತಿ, ಎಂದಿದ್ದೆ.
"ನಾಳೆ ಮಾಡ್ತೇನಕ್ಕ."
ಆ ನಾಳೆಯ ಫೋಲ್ಡರು ತೆರೆದು ನೋಡಿದೆ. ಖಾಲಿ.

ರೂಟ್ ಆಗಿ ಒಳಗೆ ಬಂದವಳನ್ನು ಯಂತ್ರ
ಖಂಡಿತವಾ, ಅಂತ ಕೂಡ ಕೇಳುವುದಿಲ್ಲ.
ಏಳಂಕಿಯ ಸಂಖ್ಯೆ ಬರೆದೆ. ಅಳಿಸಿ ಮತ್ತೆ ಬರೆದೆ.
ಎಂಟರ್.
ಇಪ್ಪತ್ತಮೂರು ಯಂತ್ರಗಳು ಒಟ್ಟಿಗೆ ದನಿ ಇಳಿಸಿದವು,
ಊಟದ ಪಂಕ್ತಿಯಲ್ಲಿ ಯಾರೋ ಸಾವಿನ ಸುದ್ದಿ ಹೇಳಿದ ಹಾಗೆ.

ಸಾಲಲಿಲ್ಲ. ಮೂವತ್ತೊಂಬತ್ತು.
ಕೊರಗಪ್ಪಣ್ಣ ಬಂದು ನಿಂತ,
ತೋಳಲ್ಲಿ ಕ್ಯಾಂಟೀನಿನ ಪೆಡೆಸ್ಟಲ್ ಫ್ಯಾನು, ಮಗುವಿನ ಹಾಗೆ.
"ತೆಗೆಯುದಾ?"
ಚೀಟಿ ನಮ್ಮಿಬ್ಬರನ್ನೂ ನೋಡುತ್ತಿತ್ತು.
ತೆಗಿ, ಎಂದೆ. ಎರಡೂ.

ಬಂತು.
ಒದ್ದೆ ಗಾಳಿ, ಒಣಮೀನಿನ ಸಣ್ಣ ವಾಸನೆ,
ಎಲ್ಲೋ ನಾಯಿ, ಅದರಾಚೆ
ಯಾವ ಚೌಕಕ್ಕೂ ಸಿಗದೆ ಮೊರೆಯುವ ಅದು.
ರ‍್ಯಾಕುಗಳ ಹಿಂದೆ ನೆಲದ ಮೇಲೆ ಕೂತೆ.
ಬೂತಾಯಿ ಬಂಗುಡೆಯನ್ನು ಕೇಳುತ್ತಲೇ ಇತ್ತು.

ಮೂರೂ ಐವತ್ತೆರಡಕ್ಕೆ ಲೆಕ್ಕ ಮುಗಿಯಿತು:
ಎರಡೂವರೆ ಮೀಟರು, ಮಧ್ಯಾಹ್ನದ ಮೇಲೆ ಮೂರೂವರೆ, ನೈಋತ್ಯ.
ಹೋದವರೆಷ್ಟು, ನಿಂತವರೆಷ್ಟು, ನನಗೆ ಯಾರೂ ಹೇಳುವುದಿಲ್ಲ.

ಬೆಳಿಗ್ಗೆ ಶಮೀಮಾ ಬಂದಳು. ಬಯ್ಯಲಿಲ್ಲ.
ಮತ್ತೆ ಸರದಿಗೆ ಹಾಕಿದಳು: ಹತ್ತೊಂಬತ್ತನೆಯದು.
"ಮುಂದೆ ಹಾಕ್ಲಿಕ್ಕೆ ಆಗುದಿಲ್ವಾ ಅಕ್ಕ?"
ಆಗುತ್ತದೆ.
ಇಲ್ಲ, ಎಂದೆ.

ಈಗ ಕೊಡ್ಡಾಯಿ ಮೇಜಿನ ಮೇಲೆ ಹೊಟ್ಟೆ ತೆರೆದು ಮಲಗಿದೆ.
ಮೆಮೊರಿಯ ಚಿನ್ನದ ಹಲ್ಲುಗಳನ್ನು
ಶಾಲೆಯ ರಬ್ಬರಿನಿಂದ ಉಜ್ಜುತ್ತಿದ್ದೇನೆ.
ಫೋನು. ಐತಾಳ ಸರ್.
ಅವರಿಗೆ ಮೊದಲು ಯಾವುದನ್ನು ಹೇಳುವುದು,
ಬಾಗಿಲನ್ನೋ, ಹುಡುಗಿಯನ್ನೋ.